ಥರ್ಮಾಕೋಲ್ ಕಸದಿಂದ ಹಗುರ ಗೋಡೆ: ಎಲ್ಲಿ ಹೊಂದುತ್ತದೆ, ಎಲ್ಲಿ ಬೇಡವೇ ಬೇಡ

ಹೊಸ ಟಿವಿ, ಫ್ರಿಜ್, ಮಿಕ್ಸರ್ ಏನೇ ತಂದರೂ ಡಬ್ಬಿಯೊಳಗೆ ಬಿಳಿ ಥರ್ಮಾಕೋಲ್ ಇದ್ದೇ ಇರುತ್ತದೆ. ನಾಲ್ಕು ದಿನ ಅಟ್ಟದ ಮೇಲೆ, ಆಮೇಲೆ ಪಾಲಿಕೆಯ ಕಸದ ಗಾಡಿಗೆ. ಗಾಡಿ ತಪ್ಪಿತೋ, ಪಕ್ಕದ ಖಾಲಿ ಸೈಟಿಗೆ. ಅಲ್ಲಿಂದ ಗಾಳಿ ಅದನ್ನು ಗಟಾರಕ್ಕೆ ಒಯ್ಯುತ್ತದೆ. ಮಳೆಗಾಲದಲ್ಲಿ ಹುಬ್ಬಳ್ಳಿಯ ಯಾವ ನಾಲಾದ ಸೇತುವೆ ಮೇಲೆ ನಿಂತು ನೋಡಿದರೂ ನೀರಿನ ಮೇಲೆ ತೇಲುವ ಬಿಳಿ ತುಂಡುಗಳು ಕಾಣುತ್ತವೆ.

ಇದೇ ಕಸವನ್ನು ಪುಡಿ ಮಾಡಿ ಕಾಂಕ್ರೀಟಿನಲ್ಲಿ ಕಲಸಿ ಹಗುರ ಬ್ಲಾಕ್ ಮಾಡಬಹುದು ಎಂಬ ಮಾತು ಈಗ ಮನೆ ಕಟ್ಟುವವರ ಕಿವಿಗೂ ಬಿದ್ದಿದೆ. ಕೇಳಿದ ಕೂಡಲೇ ಯಾರಿಗಾದರೂ ಬರುವ ಪ್ರಶ್ನೆ ಒಂದೇ: "ಥರ್ಮಾಕೋಲ್ ಹಾಕಿದ ಗ್ವಾಡಿ ನಿಂದರ್ತೈತೇನ್ರಿ?"

ನಿಲ್ಲುತ್ತದೆ. ಆದರೆ ಅದು ಯಾವ ಗೋಡೆ, ಅದರ ಮೇಲೆ ಏನು ಕೂರುತ್ತದೆ ಎಂಬುದು ಗೊತ್ತಿರಬೇಕು. ಬುಡದಿಂದ ನೋಡೋಣ.

ಥರ್ಮಾಕೋಲ್ ಅಂದರೆ ಬಹುಪಾಲು ಗಾಳಿ

ಥರ್ಮಾಕೋಲ್ ಮಾಡುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ. ಕಾರ್ಖಾನೆಗೆ ಬರುವಾಗ ಅದು ಸಕ್ಕರೆ ಹರಳಿನಂಥ ಸಣ್ಣ ಕಾಳು. ಒಳಗೆ ಪೆಂಟೇನ್ ಎಂಬ ವಸ್ತು ಸ್ವಲ್ಪ ಸೇರಿರುತ್ತದೆ. ಬಿಸಿ ಹಬೆ ತಾಗಿದಾಗ ಪ್ಲಾಸ್ಟಿಕ್ ಮೆತ್ತಗಾಗಿ, ಪೆಂಟೇನ್ ಅನಿಲವಾಗಿ ಹಿಗ್ಗಿ, ಕಾಳು ಉಬ್ಬುತ್ತದೆ. ಕಾದ ಉಸುಕಿನಲ್ಲಿ ಅಕ್ಕಿ ಅರಳಿ ಚುರುಮುರಿ ಆಗುವ ಹಾಗೆಯೇ ಇದು, ಉಬ್ಬುವ ಪ್ರಮಾಣ ಮಾತ್ರ ಇನ್ನೂ ಜಾಸ್ತಿ: ಮೂಲ ಗಾತ್ರದ ನಲವತ್ತು ಪಟ್ಟು ದಾಟಬಹುದು. ಉಬ್ಬಿದ ಕಾಳುಗಳನ್ನು ಅಚ್ಚಿಗೆ ತುಂಬಿ ಮತ್ತೆ ಹಬೆ ಕೊಟ್ಟರೆ ಒಂದಕ್ಕೊಂದು ಅಂಟಿ ಹಲಗೆಯಾಗುತ್ತದೆ.

ಹೀಗಾಗಿ ಥರ್ಮಾಕೋಲಿನ ಗಾತ್ರದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬರೀ ಗಾಳಿ. ಪ್ಯಾಕಿಂಗಿಗೆ ಬಳಸುವ ಥರ್ಮಾಕೋಲ್ ಒಂದು ಘನ ಮೀಟರಿಗೆ ಸಾಧಾರಣ 15ರಿಂದ 20 ಕೆ.ಜಿ. ತೂಗುತ್ತದೆ. ಅಷ್ಟೇ ಗಾತ್ರದ ಕಾಂಕ್ರೀಟ್ 2,400 ಕೆ.ಜಿ.

ಪ್ಯಾಕಿಂಗಿನಲ್ಲಿ ಬರುವ ಎಲ್ಲಾ ಬಿಳಿ ವಸ್ತುವೂ ಥರ್ಮಾಕೋಲ್ ಅಲ್ಲ. ಮುರಿದರೆ ಲಟಕ್ಕನೆ ತುಂಡಾಗಿ ಒಳಗೆ ದುಂಡು ಕಾಳು ಕಂಡರೆ ಅದು ಥರ್ಮಾಕೋಲ್. ಬಟ್ಟೆಯ ಹಾಗೆ ಬಾಗುವ, ಒತ್ತಿದರೆ ತಗ್ಗಿ ಮತ್ತೆ ಏಳುವ ಹಾಳೆಗಳು ಬೇರೆ ಪ್ಲಾಸ್ಟಿಕ್. ಅವು ಈ ಕೆಲಸಕ್ಕೆ ಬರುವುದಿಲ್ಲ.

ಗುಜರಿಯವರು ಇದನ್ನು ಯಾಕೆ ಮುಟ್ಟುವುದಿಲ್ಲ

ರದ್ದಿ, ಕಬ್ಬಿಣ, ಬಾಟಲಿ ಎಲ್ಲವನ್ನೂ ಒಯ್ಯುವ ಗುಜರಿಯವರು ಥರ್ಮಾಕೋಲ್ ಅಂದರೆ ತಲೆ ಅಲ್ಲಾಡಿಸುತ್ತಾರೆ. ಅವರದು ತಪ್ಪಲ್ಲ. ಸಣ್ಣ ಗೂಡ್ಸ್ ಗಾಡಿಯಲ್ಲಿ ಎತ್ತರಕ್ಕೆ ಪೇರಿಸಿದರೆ ನಾಲ್ಕು ಘನ ಮೀಟರ್ ಹಿಡಿಸಬಹುದು. ಅಷ್ಟು ಥರ್ಮಾಕೋಲ್ ತೂಗುವುದು 60ರಿಂದ 80 ಕೆ.ಜಿ., ಅಂದರೆ ಒಬ್ಬ ಆಳಿನ ತೂಕ. ತೂಕದ ಮೇಲೆ ನಡೆಯುವ ವ್ಯಾಪಾರದಲ್ಲಿ ಇದರಿಂದ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲ. ಯಂತ್ರದಲ್ಲಿ ಒತ್ತಿ ಗಟ್ಟಿ ಮಾಡಿ ಮತ್ತೆ ಪ್ಲಾಸ್ಟಿಕ್ ಕಾಳು ಮಾಡಬಹುದು, ಆದರೆ ಅದಕ್ಕೆ ಯಂತ್ರವೂ ಬೇಕು, ಒಂದೇ ಕಡೆ ರಾಶಿ ರಾಶಿ ಮಾಲೂ ಬೇಕು.

ಕಾನೂನು ಇದರ ಒಂದು ಪಾಲನ್ನಷ್ಟೇ ತಡೆದಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಸೇರಿದೆ. ಗಣಪತಿ ಮಂಟಪಕ್ಕೆ, ಮದುವೆ ವೇದಿಕೆಗೆ ಕೊರೆಯುತ್ತಿದ್ದ ಹಲಗೆ ಇದೇ. ಸಾಮಾನು ಒಡೆಯದಂತೆ ಕಾಪಾಡುವ ಪ್ಯಾಕಿಂಗ್ ಥರ್ಮಾಕೋಲ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದು ಬರುತ್ತಲೇ ಇದೆ. ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡಕ್ಕೋ ಧಾರವಾಡದ ಹೊಸಯಲ್ಲಾಪುರದ ಗುಡ್ಡಕ್ಕೋ ಹೋದರೆ ಅಲ್ಲಿ ಕೊಳೆಯುವುದೂ ಇಲ್ಲ. ಬೆಂಕಿ ಬಿದ್ದರೆ ದಟ್ಟ ಕಪ್ಪು ಹೊಗೆ.

ನನಗೆ ಈ ವಿಷಯ ಮುಖ್ಯ ಅನ್ನಿಸುವುದು ಇಲ್ಲೇ. ಗುಜರಿಗೆ ಬೇಡವಾಗುವಂತೆ ಮಾಡಿದ ಅದೇ ಗಾಳಿ ಗೋಡೆಯಲ್ಲಿ ಬೆಲೆ ಬಾಳುತ್ತದೆ. ಒತ್ತಿ ಅದನ್ನು ಹೊರಹಾಕುವ ಬದಲು ಗೋಡೆಯೊಳಗೇ ಕೂಡಿಹಾಕುವುದು ಈ ಕಾಂಕ್ರೀಟಿನ ಕೆಲಸ.

ಕಾಂಕ್ರೀಟಿನೊಳಗೆ ಏನಾಗುತ್ತದೆ

ಸಾದಾ ಕಾಂಕ್ರೀಟಿನಲ್ಲಿ ಸಿಮೆಂಟ್, ಉಸುಕು, ಕಡಿ (ಜಲ್ಲಿಕಲ್ಲು), ನೀರು ಇರುತ್ತವೆ. ಕಡಿಯೇ ಹೆಚ್ಚಿನ ಜಾಗ ತುಂಬುತ್ತದೆ. ಸಿಮೆಂಟು-ನೀರಿನ ಅಂಟು ಉಸುಕು, ಕಡಿಗಳನ್ನು ಹಿಡಿದು ಕಲ್ಲಾಗುತ್ತದೆ. ಹಗುರ ಕಾಂಕ್ರೀಟಿನಲ್ಲಿ ಕಡಿಯ ಜಾಗಕ್ಕೆ ಥರ್ಮಾಕೋಲ್ ಕಾಳು ಬರುತ್ತದೆ. ಕಾಳು ಸ್ವತಃ ಯಾವ ಭಾರವನ್ನೂ ಹೊರುವುದಿಲ್ಲ, ಜಾಗ ಹಿಡಿದು ಸುಮ್ನೆ ಕೂರುತ್ತದೆ. ಭಾರ ಹೊರುವುದು ಕಾಳುಗಳ ನಡುವಿನ ಸಿಮೆಂಟು-ಉಸುಕಿನ ತೆಳು ಗೋಡೆಗಳು.

ಘನ ಮೀಟರಿಗೆ ಸುಮಾರು 1,000 ಕೆ.ಜಿ. ತೂಗುವ ಮಿಶ್ರಣ ಬೇಕು ಅಂದುಕೊಳ್ಳಿ. ಅದಕ್ಕೆ ಅಂದಾಜು 350 ಕೆ.ಜಿ. ಸಿಮೆಂಟ್, 450 ಕೆ.ಜಿ. ಉಸುಕು, 160 ಲೀಟರ್ ನೀರು ಬೇಕು. ಉಳಿದ ಅರ್ಧಕ್ಕಿಂತ ಹೆಚ್ಚಿನ ಜಾಗ ತುಂಬಲು ಬೇಕಾಗುವ ಥರ್ಮಾಕೋಲ್ ಬರೀ 10 ಕೆ.ಜಿ. ಆಸುಪಾಸು. ಗಾತ್ರದಲ್ಲಿ ಅರ್ಧ, ತೂಕದಲ್ಲಿ ನೂರಕ್ಕೆ ಒಂದು ಪಾಲು. ಮೇಸ್ತ್ರಿಗಳು ಇದನ್ನು ತೂಕದಲ್ಲಿ ಅಳೆಯದೆ ಬುಟ್ಟಿ ಅಥವಾ ಡಬ್ಬಿ ಲೆಕ್ಕದಲ್ಲಿ ಅಳೆಯಬೇಕು. ತಕ್ಕಡಿಯಲ್ಲಿ ಒಂದೆರಡು ಕೆ.ಜಿ. ಹೆಚ್ಚುಕಡಿಮೆಯಾದರೆ ಇಡೀ ಮಿಶ್ರಣವೇ ಬದಲಾಗುತ್ತದೆ.

ತೂಕ ಎಷ್ಟು ಇಳಿಯುತ್ತದೆ

ನಮ್ಮಲ್ಲಿ ಒಳಗೋಡೆಗೆ ಹೆಚ್ಚಾಗಿ ಹಾಕುವುದು ನಾಲ್ಕು ಇಂಚಿನ ಸಾಲಿಡ್ ಬ್ಲಾಕ್. ಉದ್ದ 16 ಇಂಚು, ಎತ್ತರ 8 ಇಂಚು. ಅಂಥ ಒಂದು ಬ್ಲಾಕ್ ಸುಮಾರು 16 ಕೆ.ಜಿ. ಇರುತ್ತದೆ. ಮೇಲೆ ಹೇಳಿದ ಮಿಶ್ರಣದ್ದು 8 ಕೆ.ಜಿ. ಮಾತ್ರ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಗೋಡೆಗೆ ಲೆಕ್ಕ ಹಾಕಿದರೆ 900 ಕೆ.ಜಿ.ಗೂ ಮಿಕ್ಕಿ ತೂಕ ಇಳಿಯುತ್ತದೆ. ಮನೆಯಲ್ಲಿ ಅಂಥ ಏಳೆಂಟು ಒಳಗೋಡೆ ಇದ್ದರೆ ಸ್ಲ್ಯಾಬ್, ಬೀಮ್, ಕಾಲಮ್, ಪಾಯ ಎಲ್ಲದರ ಮೇಲಿನ ಹೊರೆಯೂ ಅಷ್ಟು ಕಡಿಮೆ. ವಿನ್ಯಾಸ ಮಾಡುವ ಎಂಜಿನಿಯರಿಗೆ ಮೊದಲೇ ತಿಳಿಸಿದರೆ ಕಬ್ಬಿಣದಲ್ಲೂ ಉಳಿತಾಯ ಸಾಧ್ಯ. ಸ್ಲ್ಯಾಬ್ ಹಾಕಿದ ಮೇಲೆ ಹೇಳಿದರೆ ಆ ಲಾಭ ಸಿಗುವುದಿಲ್ಲ.

ಇನ್ನೊಂದು ಲಾಭ ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ. ಈ ಬ್ಲಾಕುಗಳನ್ನು ತಲೆಯ ಮೇಲೆ ಹೊತ್ತು ಎರಡನೇ ಮಹಡಿಗೆ ಏರುವವರು ಕೂಲಿ ಹೆಣ್ಣುಮಕ್ಕಳು. ಅವರಿಗೆ 16 ಮತ್ತು 8ರ ನಡುವಿನ ಅಂತರ ದಿನವಿಡೀ ಕುತ್ತಿಗೆಗೆ ಗೊತ್ತಾಗುತ್ತದೆ.

ಗಟ್ಟಿತನದ ಪ್ರಶ್ನೆ

ಕಾಂಕ್ರೀಟಿನ ಗಟ್ಟಿತನವನ್ನು ಒಂದು ಚದರ ಸೆಂಟಿಮೀಟರ್ ಜಾಗ ಎಷ್ಟು ಕೆ.ಜಿ. ಒತ್ತಡ ತಡೆಯುತ್ತದೆ ಎಂದು ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಮನೆಯ ಸ್ಲ್ಯಾಬಿಗೆ, ಕಾಲಮ್ಮಿಗೆ ಹಾಕುವ ಆರ್‌ಸಿಸಿ (ಕಬ್ಬಿಣದ ಸರಳು ಸೇರಿಸಿದ) ಕಾಂಕ್ರೀಟ್ ಕನಿಷ್ಠ ಎಂ20 ಇರಬೇಕು ಎಂದು ಐಎಸ್ 456 ಎಂಬ ಭಾರತೀಯ ಮಾನದಂಡ ಹೇಳುತ್ತದೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕೆ.ಜಿ. ನಾವು ನೋಡಿದ 1,000 ಕೆ.ಜಿ. ಮಿಶ್ರಣದ ಥರ್ಮಾಕೋಲ್ ಕಾಂಕ್ರೀಟ್ ಸಾಮಾನ್ಯವಾಗಿ ತಡೆಯುವುದು 20ರಿಂದ 50 ಕೆ.ಜಿ. ಅಷ್ಟೇ. ಕಾಳು ಜಾಸ್ತಿಯಾದಷ್ಟೂ ಗಟ್ಟಿತನ ಇಳಿಯುತ್ತದೆ, ಅದೂ ತೂಕಕ್ಕಿಂತ ಬೇಗ ಇಳಿಯುತ್ತದೆ.

ಹಾಗಾದರೆ ಇದು ದುರ್ಬಲ ಅಲ್ವಾ? ಗೋಡೆಗೆ ಎಷ್ಟು ಬೇಕು ಎಂದೂ ನೋಡಬೇಕು. ಕಾಲಮ್-ಬೀಮ್ ಇರುವ ಮನೆಯಲ್ಲಿ ಒಳಗೋಡೆ ಹೊರುವುದು ತನ್ನ ತೂಕವನ್ನು ಮಾತ್ರ. ಹತ್ತು ಅಡಿ ಎತ್ತರದ ಈ ಹಗುರ ಗೋಡೆಯ ತೀರ ಕೆಳಗಿನ ಸಾಲಿನ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ 0.3 ಕೆ.ಜಿ. ಅಷ್ಟೇ. ಬ್ಲಾಕ್ ತಡೆಯುವುದು 30 ಕೆ.ಜಿ. ಎಂದಿಟ್ಟುಕೊಂಡರೂ ನೂರು ಪಟ್ಟು ಅಂತರವಿದೆ. ಪಕ್ಕದಿಂದ ಬರುವ ತಳ್ಳು, ಬಾಗಿಲು ಬಡಿಯುವುದು, ಮೊಳೆಯ ಎಳೆತ ಎಲ್ಲಾ ಬೇರೆ ಲೆಕ್ಕ, ಆದರೆ ತನ್ನ ತೂಕಕ್ಕೆ ಗೋಡೆ ಕುಸಿಯುವ ಭಯ ಬೇಡ.

ಇದೇ ಬ್ಲಾಕನ್ನು ಸ್ಲ್ಯಾಬ್ ಹೊರುವ ಗೋಡೆಗೆ ಹಾಕಿದರೆ ಕಥೆ ಬೇರೆ. ಕಾಲಮ್ ಇಲ್ಲದೆ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂರಿಸಿದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಇದು ಬೇಡ. ಕಾಲಮ್, ಬೀಮ್, ಸ್ಲ್ಯಾಬ್, ಪಾಯದ ಕಾಂಕ್ರೀಟಿಗೆ "ಒಂದೆರಡು ಬುಟ್ಟಿ ಥರ್ಮಾಕೋಲ್ ಹಾಕಿ ಹಗುರ ಮಾಡೋಣ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಜೀವ ಕಳೆದುಕೊಂಡರು. ಅದಕ್ಕೂ ಥರ್ಮಾಕೋಲಿಗೂ ಸಂಬಂಧವಿಲ್ಲ. ಆದರೆ ಭಾರ ಹೊರುವ ಜಾಗದಲ್ಲಿ ಸಡಿಲು ಬಿಟ್ಟರೆ ಏನಾದೀತು ಎಂಬುದನ್ನು ಈ ಊರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈ ಗೆರೆಯನ್ನು ದೊಡ್ಡ ಯೋಜನೆಗಳೂ ದಾಟಿಲ್ಲ. ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ನಗರಗಳಲ್ಲಿ ಶಂಕುಸ್ಥಾಪನೆ ಮಾಡಿದ ಲೈಟ್ ಹೌಸ್ ಎಂಬ ವಸತಿ ಯೋಜನೆಯಲ್ಲಿ ಇಂದೋರ್ ಒಂದು. ಅಲ್ಲಿನ 1,024 ಮನೆಗಳ ಗೋಡೆಗೆ ಬಳಸಿದ್ದು ಎರಡು ತೆಳು ಸಿಮೆಂಟ್ ಹಲಗೆಗಳ ನಡುವೆ ಥರ್ಮಾಕೋಲ್ ಕಾಳು, ಸಿಮೆಂಟ್, ಉಸುಕು, ಹಾರುಬೂದಿ (ಕಲ್ಲಿದ್ದಲು ಸುಟ್ಟ ಬೂದಿ) ತುಂಬಿದ ಪ್ಯಾನೆಲ್. ಕಟ್ಟಡದ ಭಾರ ಹೊರುವುದು ಮಾತ್ರ ಉಕ್ಕಿನ ಚೌಕಟ್ಟು.

ಎರಿ ಭೂಮಿಯಲ್ಲಿ

ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಕಪ್ಪು ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮನೆ ಹಗುರವಾದರೆ ಪಾಯಕ್ಕೆ ಕಾಟ ತಪ್ಪುತ್ತದೆ ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಮಣ್ಣು ಉಬ್ಬಿ ಮೇಲಕ್ಕೆ ತಳ್ಳುವಾಗ ಹಗುರ ಕಟ್ಟಡ ಇನ್ನೂ ಸುಲಭವಾಗಿ ಏಳುತ್ತದೆ. ಎರಿ ಮಣ್ಣಿಗೆ ತಕ್ಕ ಪಾಯ ಹಾಕಲೇಬೇಕು. ಗೋಡೆ ಹಗುರ ಎಂಬುದು ಅದಕ್ಕೆ ಬದಲಿಯಲ್ಲ.

ಬಿಸಿಲಿಗೆ ಇದರಿಂದ ಏನು ಲಾಭ

ಗದಗ, ನರಗುಂದ, ನವಲಗುಂದ ಸೀಮೆಯ ಹಳೆಯ ಮಾಳಿಗೆ ಮನೆಗಳ ಮೇಲೆ ದಪ್ಪನೆಯ ಮಣ್ಣು ಇರುತ್ತಿತ್ತು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಅದೇ ಜಾಗದಲ್ಲಿ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಬಂದ ಮೇಲೆ ಸಂಜೆ ಏಳಕ್ಕೂ ಮೇಲಿನಿಂದ ಧಗೆ ಇಳಿಯುತ್ತದೆ. ಗಟ್ಟಿ ಕಾಂಕ್ರೀಟಿನ ಮೂಲಕ ಬಿಸಿ ಸಲೀಸಾಗಿ ಹಾಯುತ್ತದೆ. ಗಾಳಿ ಮಾತ್ರ ಚಲಿಸದಂತೆ ಸಣ್ಣ ಸಣ್ಣ ಗೂಡುಗಳಲ್ಲಿ ಸಿಕ್ಕಿಹಾಕಿಕೊಂಡಾಗ ಬಿಸಿಯನ್ನು ಬೇಗ ದಾಟಲು ಬಿಡುವುದಿಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಕರಗದೆ ಉಳಿಯುವುದೂ ಇದೇ ಕಾರಣಕ್ಕೆ.

ಘನ ಮೀಟರಿಗೆ 1,000 ಕೆ.ಜಿ.ಯ ಥರ್ಮಾಕೋಲ್ ಕಾಂಕ್ರೀಟಿನ ಮೂಲಕ ಹಾಯುವ ಬಿಸಿ, ಅಷ್ಟೇ ದಪ್ಪದ ಸಾದಾ ಕಾಂಕ್ರೀಟಿಗೆ ಹೋಲಿಸಿದರೆ ಸುಮಾರು ನಾಲ್ಕನೇ ಅಥವಾ ಐದನೇ ಒಂದು ಭಾಗ. ಆದ್ದರಿಂದ ನನ್ನ ಲೆಕ್ಕದಲ್ಲಿ ನಮ್ಮ ಸೀಮೆಗೆ ಇದರ ಅತಿ ಒಳ್ಳೆಯ ಬಳಕೆ ಗೋಡೆಗಿಂತ ಮಾಳಿಗೆಯ ಮೇಲೆ. ಸ್ಲ್ಯಾಬ್ ಸಾದಾ ಆರ್‌ಸಿಸಿಯದ್ದೇ ಇರಲಿ. ಅದರ ಮೇಲೆ ನೀರು ಹರಿಯಲು ಇಳಿಜಾರು ಕೊಡುವ ಪದರ ಹೇಗೂ ಹಾಕುತ್ತೇವೆ, ಇಟ್ಟಿಗೆ ಚೂರು ಮತ್ತು ಗಾರೆಯಿಂದ. ನಾಲ್ಕು ಇಂಚಿನ ಆ ಪದರ ಚದರ ಮೀಟರಿಗೆ ಸುಮಾರು 190 ಕೆ.ಜಿ. ಹೊರೆ ಹಾಕುತ್ತದೆ. ಘನ ಮೀಟರಿಗೆ 600 ಕೆ.ಜಿ. ತೂಗುವ ಮಿಶ್ರಣದ ಥರ್ಮಾಕೋಲ್ ಪದರವಾದರೆ 60 ಕೆ.ಜಿ. ಮಾತ್ರ. ಹೊರೆಯೂ ಇಳಿಯಿತು, ಧಗೆಯೂ ಇಳಿಯಿತು. ಮೇಲೆ ಗಟ್ಟಿ ಗಾರೆ, ನೀರು ತಡೆಯುವ ಲೇಪ ಮಾತ್ರ ತಪ್ಪಿಸಬಾರದು. ಇಷ್ಟು ಹಗುರ ಮಿಶ್ರಣ ನೇರವಾಗಿ ಓಡಾಟ ತಡೆಯುವುದಿಲ್ಲ.

ಕಲಸುವ ಕೆಲಸವೇ ಕಷ್ಟ

ಥರ್ಮಾಕೋಲಿಗೆ ನೀರು ಅಂಟುವುದಿಲ್ಲ. ಕಾಂಕ್ರೀಟ್ ಮಿಕ್ಸರಿಗೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾಳುಗಳೆಲ್ಲ ಮೇಲೆ ತೇಲಿ, ಗಾರೆ ಕೆಳಗೆ ಕೂರುತ್ತದೆ. ಆ ಬ್ಲಾಕಿನ ಕೆಳಭಾಗ ಕಲ್ಲು, ಮೇಲ್ಭಾಗ ಉದುರು ಪುಡಿ. ಹೆಚ್ಚಿನ ಪ್ರಯತ್ನಗಳು ಕೈಕೊಡುವುದು ಇಲ್ಲಿಯೇ.

ಅದಕ್ಕೆ ಕ್ರಮ ಬೇರೆ. ಮೊದಲು ಥರ್ಮಾಕೋಲನ್ನು ಮುಚ್ಚಿದ ಯಂತ್ರದಲ್ಲಿ ಮೂರರಿಂದ ಎಂಟು ಮಿಲಿಮೀಟರ್ ಗಾತ್ರಕ್ಕೆ ಒಡೆಯಬೇಕು. ಬಯಲಲ್ಲಿ ಒಡೆದರೆ ಅರ್ಧ ಕಾಳು ಗಾಳಿಪಾಲು, ಒಂದು ಕಸ ತಪ್ಪಿಸಲು ಹೋಗಿ ಇನ್ನೊಂದು ಕಸ. ಒಡೆದ ಕಾಳನ್ನು ಮಿಕ್ಸರಿಗೆ ಹಾಕಿ, ಸ್ವಲ್ಪ ನೀರಿನಲ್ಲಿ ಕಲಸಿದ ಅಂಟು ದ್ರಾವಣ ಚಿಮುಕಿಸಬೇಕು. ಕಾಳು ಒದ್ದೆಯಾದ ಮೇಲೆ ಸಿಮೆಂಟ್ ಹಾಕಿ ತಿರುಗಿಸಿದರೆ ಒಂದೊಂದು ಕಾಳಿನ ಮೇಲೂ ಬೂದು ಬಣ್ಣದ ತೆಳು ಪದರ ಕೂರುತ್ತದೆ. ಆಗ ಕೈಯಲ್ಲಿ ಹಿಡಿದರೆ ಬಿಳುಪು ಕಾಣಬಾರದು. ಆಮೇಲೆ ಉಸುಕು, ಉಳಿದ ನೀರು. ಅಚ್ಚಿಗೆ ತುಂಬಿದ ಮೇಲೆ ವೈಬ್ರೇಟರ್ ಜಾಸ್ತಿ ಹೊತ್ತು ಹಿಡಿಯಬಾರದು, ಕಾಳು ಮತ್ತೆ ಮೇಲೇಳುತ್ತದೆ. ಮೆಲ್ಲಗೆ ಒತ್ತಿ ಕೂರಿಸಬೇಕು.

ಸ್ವಚ್ಛ ಮಾಲು ಬೇಕು. ಟೇಪು, ಸ್ಟಿಕ್ಕರ್ ಕಿತ್ತಿರಬೇಕು. ಎಣ್ಣೆ ಹತ್ತಿದ ಊಟದ ತಟ್ಟೆಗೆ ಸಿಮೆಂಟ್ ಹಿಡಿಯುವುದಿಲ್ಲ. ಕರಾವಳಿಯಿಂದ ಮೀನು ತುಂಬಿ ಬರುವ ಡಬ್ಬಿಗಳಲ್ಲಿ ಉಪ್ಪು ಉಳಿದಿರುತ್ತದೆ. ಉಪ್ಪು ಗೋಡೆಯ ತಂತಿ ಜಾಳಿಗೆಗೂ, ಪಕ್ಕದ ಕಬ್ಬಿಣಕ್ಕೂ ತುಕ್ಕು ತರುತ್ತದೆ. ತೊಳೆಯದೆ ಬಳಸಬಾರದು.

ಬೆಂಕಿ, ನೀರು, ಮೊಳೆ

ಬರೀ ಥರ್ಮಾಕೋಲ್ ಬೆಂಕಿಗೆ ಬೇಗ ಉರಿಯುತ್ತದೆ. ಸಿಮೆಂಟಿನೊಳಗೆ ಹುದುಗಿದ ಕಾಳಿಗೆ ಜ್ವಾಲೆಯೂ ಗಾಳಿಯೂ ಸುಲಭವಾಗಿ ತಲುಪುವುದಿಲ್ಲ, ಹಾಗಾಗಿ ಗೋಡೆ ಹಾಗೆ ಉರಿಯುವುದಿಲ್ಲ. ಆದರೆ ಸುಮಾರು 100 ಡಿಗ್ರಿ ಬಿಸಿಗೆ ಪಾಲಿಸ್ಟೈರೀನ್ ಮೆತ್ತಗಾಗಿ ಕುಗ್ಗುತ್ತದೆ. ಇನ್ನೂ ಕಾದರೆ ಕರಗಿ, ಒಡೆದು, ವಿಷಗಾಳಿ ಬಿಡುತ್ತದೆ. ಉಳಿಯುವುದು ಪೊಳ್ಳು ಗೋಡೆ. ಎರಡೂ ಕಡೆ ಗಾರೆಯ ಗಿಲಾವು (ಪ್ಲಾಸ್ಟರ್) ಕಡ್ಡಾಯ. ಕಟ್ಟಿಗೆ ಒಲೆಯ ಹಿಂದೆ, ಹೊಗೆಗೂಡಿನ ಸುತ್ತ, ಜನರೇಟರ್ ಕೋಣೆಗೆ ಇದನ್ನು ಬಳಸದಿರುವುದೇ ಒಳ್ಳೆಯದು.

ಕಾಳು ನೀರು ಕುಡಿಯದಿದ್ದರೂ ನಡುವಿನ ಸಿಮೆಂಟ್ ಕುಡಿಯುತ್ತದೆ. ಬಚ್ಚಲು ಗೋಡೆಗೆ ನೀರು ತಡೆಯುವ ಲೇಪ ಬೇಕೇ ಬೇಕು. ಇದು ಒಣಗುವಾಗ ಸಾದಾ ಬ್ಲಾಕಿಗಿಂತ ಜಾಸ್ತಿ ಕುಗ್ಗುತ್ತದೆ, ಏಕೆಂದರೆ ಕುಗ್ಗುವುದನ್ನು ತಡೆದು ನಿಲ್ಲಿಸಲು ಒಳಗೆ ಕಡಿ ಇಲ್ಲ. ಬ್ಲಾಕನ್ನು ಚೆನ್ನಾಗಿ ನೀರುಣಿಸಿ ಕ್ಯೂರಿಂಗ್ ಮಾಡಿ, ಆಮೇಲೆ ಒಣಗಲು ಬಿಟ್ಟು, 28 ದಿನ ದಾಟಿದ ಮೇಲೆ ಕಟ್ಟಿದರೆ ಬಿರುಕು ಕಡಿಮೆ. ಕಾಲಮ್ ಮತ್ತು ಗೋಡೆ ಸೇರುವ ಕಡೆ ಗಿಲಾವಿನೊಳಗೆ ಕೋಳಿ ಜಾಳಿಗೆ (ಚಿಕನ್ ಮೆಶ್) ಹಾಕಬೇಕು.

ಮೊಳೆಯ ವಿಷಯ ದಿನನಿತ್ಯದ್ದು. ಕ್ಯಾಲೆಂಡರ್, ಫೋಟೋ ನಿಲ್ಲುತ್ತವೆ. ಗೀಜರ್, ದೊಡ್ಡ ಟಿವಿ, ಗೋಡೆ ಕಪಾಟು ಬರುವ ಜಾಗ ಮೊದಲೇ ಗೊತ್ತಿದ್ದರೆ ಅಲ್ಲಿ ಸಾದಾ ಬ್ಲಾಕ್ ಕೂರಿಸಿ. ಇಲ್ಲವಾದರೆ ಗೋಡೆಯ ಆಚೆ ಬದಿವರೆಗೂ ಹೋಗುವ ಬೋಲ್ಟ್ ಹಾಕಿ. ಮತ್ತೊಂದು ಎಚ್ಚರಿಕೆ: ಪೆಟ್ರೋಲ್, ಥಿನ್ನರ್ ಥರ್ಮಾಕೋಲನ್ನು ಕ್ಷಣದಲ್ಲಿ ಕರಗಿಸುತ್ತವೆ. ಕೊಯ್ದ ಬ್ಲಾಕಿನ ಮೇಲೆ ಥಿನ್ನರ್ ಬೆರೆಸಿದ ಬಣ್ಣ ನೇರವಾಗಿ ಬಳಿದರೆ ಕಾಳಿದ್ದ ಕಡೆಯೆಲ್ಲ ಕುಳಿ ಬೀಳುತ್ತದೆ.

ಪರಿಸರಕ್ಕೆ ಒಳ್ಳೆಯದೇ?

ಕಸ ಕಡಿಮೆಯಾಗುತ್ತದೆ, ನಿಜ. ಒಂದು ಕೆ.ಜಿ. ಥರ್ಮಾಕೋಲ್ ಸುಮಾರು ಹನ್ನೆರಡು ಬ್ಲಾಕಿನೊಳಗೆ ಸೇರಿಹೋಗುತ್ತದೆ. ಆದರೆ ಮೇಲಿನ ಮಿಶ್ರಣವನ್ನು ಇನ್ನೊಮ್ಮೆ ನೋಡಿ. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್! ಸಾದಾ ಸಾಲಿಡ್ ಬ್ಲಾಕಿಗೆ ಇದಕ್ಕಿಂತ ಬಹಳ ಕಡಿಮೆ ಸಿಮೆಂಟ್ ಸಾಕು. ಸಿಮೆಂಟ್ ತಯಾರಿಕೆ ದೊಡ್ಡ ಪ್ರಮಾಣದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬಿಡುವ ಉದ್ಯಮ. 10 ಕೆ.ಜಿ. ಪ್ಲಾಸ್ಟಿಕ್ ಮುಚ್ಚಿಡಲು ಅಷ್ಟೊಂದು ಸಿಮೆಂಟ್ ಹೆಚ್ಚು ಸುರಿದರೆ ಅದನ್ನು ಹಸಿರು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇದಕ್ಕೆ ದಾರಿ ಹಾರುಬೂದಿ. ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಉಳಿಯುವ ನುಣ್ಣನೆಯ ಬೂದಿ ಇದು. ಸಿಮೆಂಟಿನ ಒಂದು ಪಾಲಿನ ಬದಲು ಇದನ್ನು ಹಾಕಿದರೆ ಅದೂ ನಿಧಾನವಾಗಿ ಗಟ್ಟಿಯಾಗುತ್ತದೆ, ಖರ್ಚೂ ಇಳಿಯುತ್ತದೆ. ನಮಗೆ ದೂರವೇನಲ್ಲ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲೂ ರಾಯಚೂರಿನ ಶಕ್ತಿನಗರದಲ್ಲೂ ಅಂಥ ಸ್ಥಾವರಗಳಿವೆ.

ಇನ್ನೊಂದು ಪ್ರಶ್ನೆ ಮೂವತ್ತು-ನಲವತ್ತು ವರ್ಷದ ನಂತರದ್ದು. ಮನೆ ಕೆಡವಿದಾಗ ಸಾದಾ ಬ್ಲಾಕಿನ ಚೂರು ಪಾಯಕ್ಕೋ ರಸ್ತೆಗೋ ಹೋಗುತ್ತದೆ. ಥರ್ಮಾಕೋಲ್ ಬ್ಲಾಕ್ ಒಡೆದರೆ ಕಾಳುಗಳು ಮತ್ತೆ ಹೊರಬೀಳುತ್ತವೆ. ಈ ತೊಂದರೆಗೆ ಸುಲಭದ ಉತ್ತರವಿಲ್ಲ. ಕೆಡವುವಾಗ ನೀರು ಹೊಡೆದು, ಚೂರನ್ನು ಚೀಲದಲ್ಲಿ ತುಂಬಿ, ಮತ್ತೆ ಹಗುರ ಕಾಂಕ್ರೀಟಿಗೇ ಬಳಸುವುದು ಒಂದು ದಾರಿ.

ಕೊಳ್ಳುವ ಮುಂಚೆ

ಮಾರುವವರ ಅಂಗಳದಲ್ಲಿ ಒಂದು ಬ್ಲಾಕ್ ಎತ್ತಿ ಅಡ್ಡಕ್ಕೆ ಒಡೆಸಿ ನೋಡಿ. ಕಾಳುಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಹರಡಿರಬೇಕು. ಉಗುರಿನಿಂದ ಕೆದಕಿದರೆ ಕಾಳು ಸಲೀಸಾಗಿ ಉದುರಬಾರದು. ಉದುರಿದರೆ ಸಿಮೆಂಟ್ ಅದಕ್ಕೆ ಅಂಟಿಯೇ ಇಲ್ಲ.

ಆಮೇಲೆ ತೂಕ. ನಾಲ್ಕು ಇಂಚಿನ ಬ್ಲಾಕಿನ ತೂಕವನ್ನು 125ರಿಂದ ಗುಣಿಸಿದರೆ ಘನ ಮೀಟರಿಗೆ ಎಷ್ಟು ಎಂದು ಗೊತ್ತಾಗುತ್ತದೆ. ಎಂಟು ಕೆ.ಜಿ. ಇದ್ದರೆ 1,000. ಐದು ಕೆ.ಜಿ. ಇದ್ದರೆ 625, ಅದರ ಗಟ್ಟಿತನವೂ ತೀರ ಕಡಿಮೆ. ಒಂದೇ ರಾಶಿಯ ನಾಲ್ಕೈದು ಬ್ಲಾಕ್ ತೂಗಿದಾಗ ತೂಕ ಏರುಪೇರಾದರೆ ಕಲಸುವವರ ಅಳತೆ ಸರಿಯಿಲ್ಲ ಎಂದರ್ಥ.

ಮಾರುವವರ ಬಳಿ 28 ದಿನದ ಒತ್ತಡ ಪರೀಕ್ಷೆಯ ವರದಿ ಕೇಳಿ. ಇಲ್ಲ ಎಂದರೆ ರಾಶಿಯ ಬೇರೆ ಬೇರೆ ಕಡೆಯಿಂದ ಎಂಟು ಬ್ಲಾಕ್ ಎತ್ತಿಸಿ ನೀವೇ ಪರೀಕ್ಷೆ ಮಾಡಿಸಬಹುದು. ಬ್ಲಾಕ್ ಒತ್ತಿ ನೋಡುವ ಯಂತ್ರ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇರುತ್ತದೆ, ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಕಾಲೇಜುಗಳಿಗೆ ಬರವಿಲ್ಲ. ವರದಿಯಲ್ಲಿ ಚದರ ಮಿಲಿಮೀಟರಿಗೆ ಇಂತಿಷ್ಟು ನ್ಯೂಟನ್ ಎಂದಿರುತ್ತದೆ. ಅದನ್ನು ಹತ್ತರಿಂದ ಗುಣಿಸಿದರೆ ಚದರ ಸೆಂಟಿಮೀಟರಿಗೆ ಎಷ್ಟು ಕೆ.ಜಿ. ಎಂದು ಅಂದಾಜು ಸಿಗುತ್ತದೆ. ಒಳಗೋಡೆಗೆ ಆ ಅಂಕಿ ಸಾಕೇ ಎಂದು ನಿಮ್ಮ ಮನೆಯ ನಕ್ಷೆಗೆ ಸಹಿ ಹಾಕಿದ ಎಂಜಿನಿಯರನ್ನೇ ಕೇಳಿ, ಮೊದಲ ಲೋಡ್ ಬರುವ ಮುಂಚೆಯೇ.